ನಿಮ್ಮ ಪಿಡಿಎಫ್ ಮಾತಾಡುತ್ತಾ?

"ಮೇಡಂ, ನಿಮ್ಮ ನೋಟ್ಸ್ ಮಾತಾಡ್ತಿಲ್ಲ."

ಕ್ಲಾಸ್ ಮುಗಿಸಿ ಹೊರಗೆ ಬರುವಾಗ ಒಬ್ಬ ಹುಡುಗ ಹೀಗಂದ. ನನಗೆ ತಲೆಬುಡ ಅರ್ಥವಾಗಲಿಲ್ಲ. ನಾನು ಹಾಸನದ ಒಂದು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಹುಡುಗ ಸಕಲೇಶಪುರದ ಕಡೆಯವನು, ಹುಟ್ಟಿನಿಂದಲೇ ಕಣ್ಣು ಕಾಣಿಸುವುದಿಲ್ಲ. ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡೇ ಓದುತ್ತಾನೆ, ವಾಟ್ಸಾಪಿಗೆ ನನಗಿಂತ ಬೇಗ ಉತ್ತರ ಕೊಡುತ್ತಾನೆ. ನಾನು ಗ್ರೂಪಿಗೆ ಹಾಕಿದ್ದ ಹೊಯ್ಸಳರ ನೋಟ್ಸ್ ತೆಗೆದು ಫೋನನ್ನು ನನ್ನ ಕಡೆ ಹಿಡಿದ. ಫೋನು ಪುಟದ ನಂಬರ್ ಹೇಳಿ ಸುಮ್ಮನಾಯಿತು. ಮತ್ತೊಂದು ಪುಟ, ಮತ್ತೆ ನಂಬರ್, ಮತ್ತೆ ಮೌನ. ಇನ್ನೊಂದು ಫೈಲ್ ತೆಗೆದ. ಅದು ಮಾತಾಡಿತು, ಆದರೆ "ಪಿ, ಎ, ಪೌಂಡ್, ಎ" ಅಂತ ಏನೇನೋ ಮಂತ್ರ ಹೇಳಿತು. ಹುಡುಗ ನಗುತ್ತಿದ್ದ. ನನಗೆ ನಗು ಬರಲಿಲ್ಲ. ಮೊದಲನೆಯದು ನಾನು ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಫೋಟೋ ಹೊಡೆದು ಪಿಡಿಎಫ್ ಮಾಡಿದ್ದು. ಎರಡನೆಯದು ಏಳೆಂಟು ವರ್ಷದ ಹಿಂದೆ ಡಿಟಿಪಿ ಅಂಗಡಿಯಲ್ಲಿ ದುಡ್ಡು ಕೊಟ್ಟು ಟೈಪ್ ಮಾಡಿಸಿದ್ದು.

ಕಾಲೇಜಿನಲ್ಲಿ ವಿಕಲಚೇತನ ವಿದ್ಯಾರ್ಥಿಗಳ ಅನುಕೂಲ ಅಂದ ತಕ್ಷಣ ನಮಗೆಲ್ಲ ನೆನಪಾಗುವುದು ರ‍್ಯಾಂಪು. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವ ಮುಂಚೆ ಬಾಗಿಲ ಮುಂದೆ ಸಿಮೆಂಟು ಬಳಿದು ಒಂದು ಇಳಿಜಾರು ಮಾಡಿ ಫೋಟೋ ತೆಗೆದರೆ ಮುಗಿಯಿತು. ರ‍್ಯಾಂಪ್ ಬೇಕು, ಅದರ ಮಾತಿಗೂ ಬರುತ್ತೇನೆ. ಆದರೆ ರ‍್ಯಾಂಪ್ ಹತ್ತಿ ಒಳಗೆ ಬಂದವರಿಗೆ ಪಾಠ ಸಿಗುತ್ತಿದೆಯಾ ಅನ್ನುವುದನ್ನು ನಾನಂತೂ ಯಾವತ್ತೂ ನೋಡಿರಲಿಲ್ಲ. ಈ ಒಂದು ವರ್ಷದಲ್ಲಿ ನೋಡಿ, ಎಡವಿ, ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಕಂಪ್ಯೂಟರಿನವಳಲ್ಲ, ಹಾಗಾಗಿ ನನಗೆ ಅರ್ಥವಾದ ಭಾಷೆಯಲ್ಲೇ ಹೇಳುತ್ತೇನೆ.

ಕಣ್ಣು ಕಾಣದವರು ಕಂಪ್ಯೂಟರ್ ಮತ್ತು ಫೋನು ಬಳಸುವುದು ಸ್ಕ್ರೀನ್ ರೀಡರ್ ಅನ್ನುವ ತಂತ್ರಾಂಶದ ಮೂಲಕ. ಪರದೆಯ ಮೇಲೆ ಇರುವ ಪಠ್ಯವನ್ನು ಅದು ಗಟ್ಟಿಯಾಗಿ ಓದುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಅಂತ ಇರುತ್ತದೆ, ಕನ್ನಡವನ್ನೂ ಓದುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಅಂತ ಒಂದಿದೆ, ಪೂರ್ತಿ ಉಚಿತ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಅದನ್ನು ಶುರುಮಾಡಿದರು, ಅವರಿಗೂ ಕಣ್ಣು ಕಾಣುವುದಿಲ್ಲ. ದುಬಾರಿ ಸಾಫ್ಟ್‌ವೇರ್ ಕೊಳ್ಳಲಾಗದವರ ಪಾಲಿಗೆ ದೊಡ್ಡ ಉಪಕಾರ. ಅಭ್ಯಾಸ ಇರುವವರು ಅದನ್ನು ಎಷ್ಟು ಜೋರು ವೇಗದಲ್ಲಿ ಕೇಳುತ್ತಾರೆ ಅಂದರೆ ನಮ್ಮಂಥವರಿಗೆ ಜೇನುಹುಳ ಗುಂಯ್ ಅಂದಂತೆ ಕೇಳಿಸುತ್ತದೆ.

ಆದರೆ ಈ ಓದುಗನಿಗೆ ಒಂದೇ ಒಂದು ಷರತ್ತಿದೆ. ಅಲ್ಲಿ ಅಕ್ಷರ ಇರಬೇಕು. ಅಕ್ಷರದ ಫೋಟೋ ಇದ್ದರೆ ಆಗುವುದಿಲ್ಲ.

ಇದನ್ನು ನನ್ನ ಸಹೋದ್ಯೋಗಿಗಳಿಗೆ ವಿವರಿಸುವುದು ಮೊದಮೊದಲು ಕಷ್ಟವಾಯಿತು. "ಅಕ್ಷರ ಕಾಣ್ತಾ ಇದೆಯಲ್ಲ ಮೇಡಂ, ಇನ್ನೇನು ಬೇಕು" ಅನ್ನುತ್ತಿದ್ದರು. ಕೊನೆಗೆ ಕೈಗೆ ಸಿಕ್ಕಿದ್ದು ಹಲ್ಮಿಡಿ ಶಾಸನ. ನಮ್ಮ ಬೇಲೂರು ತಾಲ್ಲೂಕಿನಲ್ಲೇ ಸಿಕ್ಕಿದ್ದು, ಕಾಲ ಸುಮಾರು ಕ್ರಿ.ಶ. 450. ಅದರ ಒಂದು ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿ, ಅದರಲ್ಲಿ 'ಕದಂಬ' ಅನ್ನುವ ಪದ ಹುಡುಕು ಅಂದರೆ ಸಿಗುತ್ತಾ? ಸಿಗುವುದಿಲ್ಲ. ಕಂಪ್ಯೂಟರಿಗೆ ಅದು ಕಪ್ಪುಬಿಳುಪು ಚುಕ್ಕೆಗಳ ರಾಶಿ ಅಷ್ಟೇ, ಅಲ್ಲಿ ಕಲ್ಲಿದೆಯೋ ಎಮ್ಮೆ ಇದೆಯೋ ಅದಕ್ಕೆ ಒಂದೇ. ನಮ್ಮ ಕಡೆಯ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರ ಕಾಲದಲ್ಲಿ ಊರೂರು ಸುತ್ತಿ, ಕಲ್ಲಿನ ಅಚ್ಚು ತೆಗೆದು, ಒಂದೊಂದೇ ಅಕ್ಷರ ಓದಿ, ಮುದ್ರಿಸಿದರಲ್ಲ, ಹಾಸನ ಜಿಲ್ಲೆಯ ಶಾಸನಗಳ ಸಂಪುಟ 1902ರಲ್ಲಿ ಬಂತು, ಆ ಥರದ ಕೆಲಸ ಆದ ಮೇಲೆ ಕಲ್ಲಿನ ಬರಹ ಪಠ್ಯವಾಯಿತು. ಹುಡುಕಬಹುದು, ಉಲ್ಲೇಖಿಸಬಹುದು, ಯಾರಿಗಾದರೂ ಓದಿ ಹೇಳಬಹುದು. ನಾವು ರಾತ್ರಿ ಹನ್ನೊಂದಕ್ಕೆ ಫೋಟೋ ಹೊಡೆದು ಕಳಿಸುವ ನೋಟ್ಸ್ ಇನ್ನೂ ರೈಸ್ ಸಾಹೇಬರ ಕೈಗೆ ಸಿಗದ ಕಲ್ಲು. ನಿಜ ಹೇಳಬೇಕೆಂದರೆ ಕಲ್ಲೇ ವಾಸಿ. ಅದನ್ನಾದರೂ ಬೆರಳಿನಿಂದ ಮುಟ್ಟಿ ಓದಬಹುದು.

ಫೋಟೋದಿಂದ ಅಕ್ಷರ ಹೊರತೆಗೆಯುವ ಕೆಲಸಕ್ಕೆ ಓಸಿಆರ್ ಅನ್ನುತ್ತಾರೆ. ಈಗ ಕನ್ನಡಕ್ಕೂ ಬರುತ್ತದೆ. ಸ್ಕ್ಯಾನ್ ಮಾಡಿದ ಪುಟವನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕೆಳಗೆ ಅಕ್ಷರ ಬಂದಿರುತ್ತದೆ. ಪುಟ ನೆಟ್ಟಗಿದ್ದು ಅಚ್ಚು ಸ್ಪಷ್ಟವಾಗಿದ್ದರೆ ಚೆನ್ನಾಗಿಯೇ ಬರುತ್ತದೆ. ಹಳೇ ಅಚ್ಚುಮೊಳೆಯ ಪುಸ್ತಕ, ಜೆರಾಕ್ಸಿನ ಜೆರಾಕ್ಸು, ಎರಡು ಕಾಲಮ್ಮಿನ ಪುಟ ಅಂದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಅಂದರೆ ಯಾರಾದರೂ ಒಬ್ಬರು ಕೂತು ತಿದ್ದಬೇಕು. ಇದಕ್ಕೆ ಅಡ್ಡದಾರಿ ನನಗೆ ಗೊತ್ತಿಲ್ಲ.

ಇನ್ನು ಎರಡನೇ ಫೈಲಿನ ಕಥೆ, ಆ ಪೌಂಡ್ ಮಂತ್ರದ್ದು. ಇದು ನಮ್ಮ ಕನ್ನಡದವರೇ ಬಗೆಹರಿಸಿಕೊಳ್ಳಬೇಕಾದ ತೊಂದರೆ, ಇಂಗ್ಲಿಷ್‌ನಲ್ಲಿರುವ ಯಾವ ಗೈಡೂ ಇದನ್ನು ಹೇಳಿಕೊಡುವುದಿಲ್ಲ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಂಪ್ಯೂಟರಿನ ಒಳಗೆ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಇರುತ್ತದೆ. ಮೊದಮೊದಲು ಈ ನಂಬರುಗಳೆಲ್ಲ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೇ ಮೀಸಲು, ಕನ್ನಡಕ್ಕೆ ಜಾಗವೇ ಇರಲಿಲ್ಲ. ಆಗ ನಮ್ಮವರು ಜಾಣತನ ಮಾಡಿದರು. ಇಂಗ್ಲಿಷ್ ಅಕ್ಷರಗಳ ನಂಬರ್ ಹಾಗೇ ಇಟ್ಟುಕೊಂಡು ಅದಕ್ಕೆ ಕನ್ನಡದ ಅಂಗಿ ತೊಡಿಸಿದರು. 'ನುಡಿ', 'ಬರಹ' ಅನ್ನುವ ಕನ್ನಡ ತಂತ್ರಾಂಶಗಳ ಹಳೇ ಫಾಂಟುಗಳು ಕೆಲಸ ಮಾಡುತ್ತಿದ್ದುದು ಹೀಗೆ. ನೀವು ಆ ಫಾಂಟಿನಲ್ಲಿ 'ಕನ್ನಡ' ಅಂತ ಟೈಪ್ ಮಾಡಿದರೆ ಕಣ್ಣಿಗೆ ಕನ್ನಡವೇ ಕಾಣುತ್ತದೆ. ಅಂಗಿ ಬಿಚ್ಚಿದರೆ ಒಳಗಿರುವುದು ಪಿ, ತಲೆಯ ಮೇಲೆ ಗೆರೆ ಇರುವ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಒಂದು ವಿಚಿತ್ರ ಎಸ್, ಕ್ಯೂ, ಮತ್ತೊಂದು ಎ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಹಳೇ ಫೈಲ್ ತೆರೆದಾಗ ಕಾಗೆಕಾಲು ಗುಬ್ಬಿಕಾಲು ಕಾಣುತ್ತಲ್ಲ, ಅದೇ ಇದು. ನಮಗೆ ಅದು ಅಪರೂಪಕ್ಕೆ ಒಮ್ಮೆ ಆಗುವ ಕಿರಿಕಿರಿ. ಸ್ಕ್ರೀನ್ ರೀಡರಿಗೆ ಅಂಗಿ ಕಾಣುವುದೇ ಇಲ್ಲ, ನಂಬರ್ ಮಾತ್ರ ಕಾಣುತ್ತದೆ. ಅದಕ್ಕೇ ನನ್ನ ಹೊಯ್ಸಳರು ಪೌಂಡ್ ಲೆಕ್ಕ ಹೇಳಿದ್ದು.

ಆಮೇಲೆ ಯೂನಿಕೋಡ್ ಬಂತು. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ನಂಬರ್ ಇದೆ. ಫಾಂಟ್ ಯಾವುದೇ ಇರಲಿ, ಒಳಗಿರುವುದು ಕನ್ನಡವೇ. ಫೋನಿನಲ್ಲಿ ನಾವು ಟೈಪ್ ಮಾಡುವುದೆಲ್ಲ ಯೂನಿಕೋಡ್. ಈಗಿನ ನುಡಿಯಲ್ಲೂ ಯೂನಿಕೋಡ್ ಇದೆ, ಕೀಲಿಮಣೆಯ ಅಭ್ಯಾಸವನ್ನೂ ಬದಲಿಸಬೇಕಾಗಿಲ್ಲ. ಹಳೇ ಫಾಂಟುಗಳನ್ನು ನಾನು ಬೈಯುತ್ತಿಲ್ಲ, ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ, ಒಂದಿಡೀ ತಲೆಮಾರು ಕಂಪ್ಯೂಟರಿನಲ್ಲಿ ಕನ್ನಡ ಕಂಡದ್ದು ಅವುಗಳಿಂದಲೇ. ಈಗಲೂ ಅದರಲ್ಲೇ ಟೈಪ್ ಮಾಡುತ್ತಿರುವುದು ಮಾತ್ರ ನಮ್ಮ ಸೋಮಾರಿತನ. ಡಿಟಿಪಿ ಅಂಗಡಿಗೆ ಹೋದಾಗ "ಯೂನಿಕೋಡ್‌ನಲ್ಲಿ ಮಾಡಿಕೊಡಿ" ಅಂತ ಒಂದು ಮಾತು ಹೇಳಬೇಕು, ಪ್ರಿಂಟ್ ಜೊತೆಗೆ ವರ್ಡ್ ಫೈಲನ್ನೂ ಕೇಳಿ ತರಬೇಕು. ನಾನು ಇಷ್ಟು ವರ್ಷ ಅದನ್ನೇ ಕೇಳಿರಲಿಲ್ಲ.

ಹಳೇ ಫೈಲನ್ನು ಯೂನಿಕೋಡಿಗೆ ಬದಲಿಸುವ ಉಚಿತ ಸಾಧನಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಪಠ್ಯ ಅಂಟಿಸಿ ಒಂದು ಗುಂಡಿ ಒತ್ತಿದರೆ ಸಾಕು. ಆದರೆ ಎರಡು ಕಡೆ ಕೈಕೊಡುತ್ತದೆ. ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತದೆ. ಇನ್ನೊಂದು ಅರ್ಕಾವತ್ತು. 'ಧರ್ಮ' ಅನ್ನುವಾಗ ರ್ ಬರುವುದು ಮ ಕ್ಕಿಂತ ಮೊದಲು, ಆದರೆ ಬರೆಯುವಾಗ ಆ ಗುರುತು ಮ ಆದ ಮೇಲೆ. ಹಳೇ ಫಾಂಟು ಬರೆದ ಹಾಗೆ ಇಡುತ್ತದೆ, ಯೂನಿಕೋಡ್ ಹೇಳಿದ ಹಾಗೆ ಇಡುತ್ತದೆ. ಬದಲಿಸುವಾಗ ಕೆಲವೊಮ್ಮೆ ರ್ ಒಂದು ಅಕ್ಷರ ಆಚೆಈಚೆ ಹಾರಿಬಿಡುತ್ತದೆ. ಕಣ್ಣಿನಲ್ಲಿ ಸರಸರ ಓದುವವರಿಗೆ ಗೊತ್ತೇ ಆಗುವುದಿಲ್ಲ. ಕಿವಿಯಲ್ಲಿ ಓದುವವರಿಗೆ ಪಟ್ ಅಂತ ಸಿಗುತ್ತದೆ.

ಪಿಡಿಎಫ್ ಬಗ್ಗೆಯೂ ಒಂದು ಮಾತು. ಯೂನಿಕೋಡ್‌ನಲ್ಲೇ ಟೈಪ್ ಮಾಡಿದ್ದರೂ ಪಿಡಿಎಫ್ ಆದ ಮೇಲೆ ಕನ್ನಡದ ಒತ್ತು, ದೀರ್ಘಗಳು ಕಲಸುಮೇಲೋಗರ ಆಗುವುದುಂಟು. ಪಿಡಿಎಫ್‌ನ ಮೂಲ ಉದ್ದೇಶ ಪುಟ ಹೇಗೆ ಕಾಣಬೇಕು ಅನ್ನುವುದು, ಒಳಗಿನ ಪದ ಯಾವುದು ಅನ್ನುವುದು ಅದಕ್ಕೆ ಆಮೇಲಿನ ಮಾತು. ಅದಕ್ಕೇ ಪಿಡಿಎಫ್ ಜೊತೆ ವರ್ಡ್ ಫೈಲೂ ಕಳಿಸಿ. ಪಿಡಿಎಫ್ ಮಾಡಲೇಬೇಕು ಅಂದರೆ ವರ್ಡಿನಲ್ಲಿ 'ಸೇವ್ ಆಸ್' ಕೊಟ್ಟು ಮಾಡಿ, 'ಪ್ರಿಂಟ್' ಕೊಟ್ಟು ಮಾಡಬೇಡಿ. ಪ್ರಿಂಟಿನ ದಾರಿಯಲ್ಲಿ ಶೀರ್ಷಿಕೆ, ಕೋಷ್ಟಕ ಅನ್ನುವ ಒಳಗುರುತುಗಳೆಲ್ಲ ಕಳಚಿಹೋಗುತ್ತವೆ.

ಈ ಒಳಗುರುತು ಅಂದರೇನು? ನಾವು ಒಂದು ಅಧ್ಯಾಯದ ಹೆಸರನ್ನು ದಪ್ಪ ಮಾಡಿ, ದೊಡ್ಡದು ಮಾಡಿ, ಕೆಳಗೊಂದು ಗೆರೆ ಎಳೆದು, ಇದು ಶೀರ್ಷಿಕೆ ಅಂದುಕೊಳ್ಳುತ್ತೇವೆ. ಕಣ್ಣಿಗೆ ಹೌದು. ಸ್ಕ್ರೀನ್ ರೀಡರಿಗೆ ಅದು ಮಾಮೂಲಿ ಸಾಲು, ಸ್ವಲ್ಪ ಊದಿಕೊಂಡಿದೆ ಅಷ್ಟೇ. ವರ್ಡಿನಲ್ಲಿ ಮೇಲ್ಗಡೆ 'ಹೆಡಿಂಗ್ 1', 'ಹೆಡಿಂಗ್ 2' ಅಂತ ಸ್ಟೈಲುಗಳಿರುತ್ತವೆ, ಅದನ್ನು ಒತ್ತಿದರೆ ಮಾತ್ರ ಅದು ನಿಜವಾದ ಶೀರ್ಷಿಕೆ. ಹಾಗೆ ಮಾಡಿದ್ದರೆ ಎನ್‌ವಿಡಿಎ ಬಳಸುವವರು ಎಚ್ ಕೀ ಒತ್ತುತ್ತಾ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಾರುತ್ತಾರೆ. ಮಾಡದಿದ್ದರೆ ನಲವತ್ತು ಪುಟದ ನೋಟ್ಸಿನಲ್ಲಿ ಎರಡನೇ ವೀರಬಲ್ಲಾಳ ಎಲ್ಲಿದ್ದಾನೆ ಅಂತ ಹುಡುಕಲು ಮೊದಲ ಸಾಲಿನಿಂದ ಕೇಳುತ್ತಾ ಬರಬೇಕು. ಹಳೇ ಕ್ಯಾಸೆಟ್ಟಿನಲ್ಲಿ ಒಂದು ಹಾಡಿಗೋಸ್ಕರ ಟೇಪ್ ಓಡಿಸಿದ ಹಾಗೆ.

ಕೋಷ್ಟಕವೂ ಹಾಗೇ. ಸ್ಪೇಸ್ ಬಾರ್ ಒತ್ತಿ ಒತ್ತಿ ಸಾಲು ಹೊಂದಿಸಿದರೆ ಕೇಳುವವರಿಗೆ ರಾಜನ ಹೆಸರು, ವರ್ಷ, ರಾಜಧಾನಿ ಎಲ್ಲ ಒಂದೇ ಉಸಿರಿನ ಚಿತ್ರಾನ್ನ. ಕೋಷ್ಟಕವನ್ನು ಕೋಷ್ಟಕವಾಗಿಯೇ ಹಾಕಿ, ಮನೆಗಳನ್ನು ಸೇರಿಸಿ ದೊಡ್ಡದು ಮಾಡಬೇಡಿ. "ಕೆಂಪು ಬಣ್ಣದಲ್ಲಿ ಇರೋದೆಲ್ಲ ಇಂಪಾರ್ಟೆಂಟ್" ಅಂತ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕಾಣದವರಿಗೆ ಬಣ್ಣವೇ ಇಲ್ಲ, ಕೆಲವರಿಗೆ ಕೆಂಪು ಹಸಿರು ಎರಡೂ ಒಂದೇ ಥರ ಕಾಣುತ್ತದೆ, ಕಪ್ಪುಬಿಳುಪು ಜೆರಾಕ್ಸ್ ತೆಗೆಸಿದ ಉಳಿದ ಅರವತ್ತು ಜನರಿಗೂ ಅದು ಕಪ್ಪೇ. ಈಗ ಪಕ್ಕದಲ್ಲಿ 'ಮುಖ್ಯ' ಅಂತ ಬರೆಯುತ್ತೇನೆ. ಬೂದು ಅಕ್ಷರದ ಪವರ್‌ಪಾಯಿಂಟ್ ಪ್ರೀತಿಸುವವರಿಗೆ ಒಂದು ಅಳತೆ: ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ವ್ಯತ್ಯಾಸ ಕನಿಷ್ಠ 4.5ಕ್ಕೆ 1 ಇರಬೇಕು ಅನ್ನುತ್ತದೆ ಜಗತ್ತೆಲ್ಲ ಒಪ್ಪಿರುವ ವೆಬ್ ಮಾನದಂಡ.

ಚಿತ್ರಗಳಿಗೆ ವಿವರ ಬರೆಯಬೇಕು. ಇದಕ್ಕೆ ಆಲ್ಟ್ ಟೆಕ್ಸ್ಟ್ ಅನ್ನುತ್ತಾರೆ, ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಜಾಗ ಸಿಗುತ್ತದೆ. ಬರೆಯುವುದು ಹೇಗೆ ಅನ್ನುವುದೇ ಒಂದು ಕಲೆ. ನಾನು ಮೊದಲು ಬರೆದದ್ದು "ಬೇಲೂರು ದೇವಸ್ಥಾನದ ಚಿತ್ರ". ಹುಡುಗ ಕೇಳಿದ, "ಅದು ಕೆಳಗೆ ಬರೆದಿದೆಯಲ್ಲ ಮೇಡಂ, ಚಿತ್ರದಲ್ಲಿ ಏನಿದೆ?" ಸರಿ, ನಾನು ಆ ಚಿತ್ರವನ್ನು ಪಾಠದಲ್ಲಿ ಇಟ್ಟದ್ದು ಯಾಕೆ? ಹೊಯ್ಸಳರ ದೇವಸ್ಥಾನ ಎತ್ತರದ ಜಗತಿಯ, ಅಂದರೆ ಕಲ್ಲಿನ ಕಟ್ಟೆಯ, ಮೇಲೆ ನಿಂತಿರುತ್ತದೆ, ಜಗತಿಯ ಅಂಚು ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಒಳಗೆ ಹೊರಗೆ ಹೋಗುತ್ತದೆ, ಗೋಡೆಯೂ ಅದನ್ನೇ ಹಿಂಬಾಲಿಸುತ್ತದೆ ಅಂತ ತೋರಿಸಲು. ಹಾಗಾದರೆ ಬರೆಯಬೇಕಾದ್ದು ಅದನ್ನೇ. ನೀವು ಆ ಚಿತ್ರ ತೋರಿಸಿ ಕ್ಲಾಸಿನಲ್ಲಿ ಬಾಯಲ್ಲಿ ಏನು ಹೇಳುತ್ತೀರೋ ಆ ಎರಡು ಸಾಲೇ ವಿವರ. ಅಂದಕ್ಕೆ ಹಾಕಿದ ಹೂಬಳ್ಳಿಗೆ ಏನೂ ಬೇಡ.

ಆಮೇಲೆ ಕ್ಲಾಸಿನ ಹೆಣ್ಣುಮಕ್ಕಳು ಇಬ್ಬರು ನನ್ನನ್ನೂ ಮೀರಿಸಿದರು. ರಟ್ಟಿನ ಮೇಲೆ ಆ ನಕ್ಷೆ ಬರೆದು, ಗೆರೆಯ ಮೇಲೆ ಸೆಣಬಿನ ದಾರ ಅಂಟಿಸಿ ತಂದರು. ಹುಡುಗ ಬೆರಳಾಡಿಸುತ್ತಾ ಒಂದೊಂದೇ ಮೂಲೆ ಎಣಿಸಿದ. ಬೇಲೂರಿಗೆ ಶಾಲೆಯಿಂದ ಮೂರು ಸಲ ಹೋಗಿದ್ದನಂತೆ, ಜಗತಿಯ ಆಕಾರ ಗೊತ್ತಾದದ್ದು ಅವತ್ತೇ ಮೊದಲು.

ಬೋರ್ಡಿನ ಮುಂದೆ ನಿಂತು ನಾವು ಆಡುವ ಮಾತನ್ನು ಒಮ್ಮೆ ರೆಕಾರ್ಡ್ ಮಾಡಿ ಕೇಳಿ. "ಇಲ್ಲಿಂದ ಇಲ್ಲಿಗೆ ಬಂದ್ರು, ಇದನ್ನ ಗೆದ್ರು, ಆಮೇಲೆ ಹೀಗೆ ಹೋದ್ರು." ಎಲ್ಲಿಂದ ಎಲ್ಲಿಗೆ? ಊರಿನ ಹೆಸರು ಹೇಳಿದರೆ ಮುಗಿಯಿತಲ್ಲ. ಗಣಿತದವರ ಪಾಡು ಇನ್ನೂ ಕಷ್ಟ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಗೆಳತಿ ಹೇಳುತ್ತಿರುತ್ತಾಳೆ, ಸಮೀಕರಣವನ್ನು ಚಿತ್ರವಾಗಿ ಅಂಟಿಸಿದರೆ ಸ್ಕ್ರೀನ್ ರೀಡರ್ ಅದನ್ನು ದಾಟಿಕೊಂಡು ಹೋಗಿಬಿಡುತ್ತದೆ ಅಂತ. ವರ್ಡಿನ ಸಮೀಕರಣದ ಪೆಟ್ಟಿಗೆಯಲ್ಲೇ ಬರೆದರೆ, ಇಲ್ಲವೇ ವೆಬ್ ಪುಟದಲ್ಲಿ ಗಣಿತ ಬರೆಯಲೆಂದೇ ಇರುವ ಮ್ಯಾಥ್‌ಎಂಎಲ್ ಬಳಸಿದರೆ, "ಎಕ್ಸ್ ವರ್ಗ" ಅಂತ ಓದಿಸುವ ದಾರಿಯಿದೆ. ನನ್ನ ವಿಷಯದಲ್ಲಿ ಅದು ಬಾರದ್ದರಿಂದ ಅಲ್ಲಿಗೇ ಬಿಡುತ್ತೇನೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ಮೊದಲೇ ಮಾಡಿಟ್ಟುಕೊಳ್ಳುವ ಕೆಲಸ. ಇನ್ನೊಂದು ಥರದ ಕೆಲಸ ಇದೆ, ಒಬ್ಬ ವಿದ್ಯಾರ್ಥಿ ಬಂದ ಮೇಲೆ ಅವನಿಗೆ ಬೇಕಾದ್ದನ್ನು ಮಾಡಿಕೊಡುವುದು. ಇವೆರಡರ ವ್ಯತ್ಯಾಸ ಮಲೆನಾಡಿನವರಿಗೆ ಬೇಗ ಅರ್ಥವಾಗುತ್ತದೆ. ಎಸ್ಟೇಟಿನ ಒಳಗಿನ ಮನೆಗೆ ರಸ್ತೆ ಹಾಕುವುದು ಒಂದು. ರಸ್ತೆ ಇಲ್ಲದಾಗ ಯಾರಿಗೋ ಹುಷಾರಿಲ್ಲ ಅಂತ ಜೀಪ್ ಕಳಿಸುವುದು ಇನ್ನೊಂದು. ಜೀಪ್ ಯಾವತ್ತೂ ಬೇಕಾಗುತ್ತದೆ, ರಸ್ತೆ ಇದ್ದರೂ ಕೆಲವರಿಗೆ ನಡೆಯಲಾಗುವುದಿಲ್ಲ. ಆದರೆ ರಸ್ತೆಯನ್ನೇ ಹಾಕದೆ ಪ್ರತಿ ಸಲ ಜೀಪಿಗೆ ಫೋನ್ ಮಾಡಿಸುವುದು, ಡ್ರೈವರ್ ಪುರುಸೊತ್ತಾಗಿದ್ದರೆ ಬರುತ್ತಾನೆ ಅನ್ನುವುದು, ನಮ್ಮ ಕಾಲೇಜುಗಳು ಮಾಡುತ್ತಿರುವುದು ಇದನ್ನೇ. ನೋಟ್ಸ್ ಮಾತಾಡದಿದ್ದಾಗ ಆ ಹುಡುಗ ಏನು ಮಾಡುತ್ತಿದ್ದ ಗೊತ್ತಾ? ಹಾಸ್ಟೆಲಿನ ಗೆಳೆಯನ ಕೈಯಲ್ಲಿ ಓದಿಸಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಗೆಳೆಯನಿಗೆ ಪರೀಕ್ಷೆ ಇದ್ದ ದಿನ ಇವನಿಗೆ ಪಾಠ ಇಲ್ಲ.

ಕಾನೂನಿನಲ್ಲಿ ಎರಡೂ ಇವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೇ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ ಇತ್ತು, ಇದರಲ್ಲಿ 21. ಸರ್ಕಾರಿ ಮತ್ತು ಸರ್ಕಾರದ ನೆರವು ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ಕನಿಷ್ಠ ಶೇ. 5 ಸೀಟು, ಸೇರುವ ವಯಸ್ಸಿನಲ್ಲಿ 5 ವರ್ಷ ಸಡಿಲಿಕೆ. ಇವು ಎಲ್ಲರಿಗೂ ಗೊತ್ತು, ಅರ್ಜಿ ಫಾರಂನಲ್ಲೇ ಇರುತ್ತದೆ. ಗೊತ್ತಿಲ್ಲದ್ದು ಇನ್ನೊಂದು. ಒಬ್ಬರಿಗೆ ಬೇಕಾದ ಹೊಂದಾಣಿಕೆಯನ್ನು, ಸಂಸ್ಥೆಗೆ ತೀರಾ ಹೊರೆಯಾಗದೆ ಮಾಡಬಹುದಾದದ್ದನ್ನು, ಮಾಡಿಕೊಡದೆ ಇರುವುದನ್ನೇ ಈ ಕಾಯ್ದೆ ತಾರತಮ್ಯ ಅಂತ ಕರೆಯುತ್ತದೆ. ಅಂದರೆ ಬೈಯಬೇಕಾಗಿಲ್ಲ, ಹೊರಗೆ ಹಾಕಬೇಕಾಗಿಲ್ಲ, ಸುಮ್ನೆ ಇದ್ದುಬಿಟ್ಟರೂ ತಪ್ಪೇ. ಉನ್ನತ ಶಿಕ್ಷಣವನ್ನು ನೋಡಿಕೊಳ್ಳುವ ಯುಜಿಸಿ ಕೂಡ 2022ರಲ್ಲಿ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳಿಗೆ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ನಮ್ಮ ಸ್ಟಾಫ್ ರೂಮಿನಲ್ಲಿ ನಾನು ಅದರ ಹೆಸರು ಹೇಳಿದಾಗ ಎಲ್ಲರೂ ನನ್ನ ಮುಖ ನೋಡಿದರು. ನಾನೂ ಅದನ್ನು ಓದಿದ್ದು ಹಿಂದಿನ ವಾರವಷ್ಟೇ, ಅದು ಬೇರೆ ಮಾತು.

ಶೇ. 40ರ ವಿಷಯದಲ್ಲಿ ಒಂದು ಗೊಂದಲ ಇದೆ. ಸೀಟು ಮೀಸಲಾತಿಗೆ ಆ ಗೆರೆ ಇದೆ, ನಿಜ. ಪರೀಕ್ಷೆಯಲ್ಲಿ ಬರೆಯಲು ಸಹಾಯಕರನ್ನು, ಅಂದರೆ ಸ್ಕ್ರೈಬ್, ಕೊಡುವುದಕ್ಕೂ ಅದೇ ಗೆರೆ ಅಂದುಕೊಂಡಿದ್ದರು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ವಿಕಾಸ್ ಕುಮಾರ್ ಅನ್ನುವ ಅಭ್ಯರ್ಥಿ ಯುಪಿಎಸ್‌ಸಿ ಪರೀಕ್ಷೆಗೆ ಸ್ಕ್ರೈಬ್ ಕೇಳಿ, ಸಿಗದೆ, ಸುಪ್ರೀಂ ಕೋರ್ಟಿಗೆ ಹೋದರು. 2021ರ ಫೆಬ್ರುವರಿಯಲ್ಲಿ ತೀರ್ಪು ಬಂತು: ವೈಕಲ್ಯ ಶೇ. 40 ಇಲ್ಲ ಅನ್ನುವ ಕಾರಣಕ್ಕೆ ಸ್ಕ್ರೈಬ್ ನಿರಾಕರಿಸುವಂತಿಲ್ಲ. ಆಮೇಲೆ 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ, ಶೇ. 40ಕ್ಕಿಂತ ಕಡಿಮೆ ವೈಕಲ್ಯ ಇದ್ದು ಬರೆಯಲು ಕಷ್ಟ ಇರುವವರಿಗಾಗಿ ಬೇರೆಯೇ ಮಾರ್ಗಸೂಚಿ ಹೊರಡಿಸಿತು. "ಸರ್ಟಿಫಿಕೇಟಲ್ಲಿ ಮೂವತ್ತೈದೇ ಇದೆ, ಆಗಲ್ಲ" ಅಂತ ಯಾರಾದರೂ ಹೇಳಿದರೆ ಇದನ್ನು ತೋರಿಸಿ.

ಪರೀಕ್ಷೆಯ ಬಗ್ಗೆ ಇನ್ನೂ ಎರಡು ಮಾತು. ಸ್ಕ್ರೈಬ್ ಸೌಲಭ್ಯ ಇರುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಅನ್ನುತ್ತದೆ ಕೇಂದ್ರದ ಮಾರ್ಗಸೂಚಿ, ಮೂರು ಗಂಟೆಯ ಪೇಪರಿಗೆ ಒಂದು ಗಂಟೆ. ಇದನ್ನು ರಿಯಾಯಿತಿ ಅಂತ ನೋಡುವವರು ಒಂದು ಪುಟ ಉತ್ತರವನ್ನು ಇನ್ನೊಬ್ಬರಿಗೆ ಬಾಯಲ್ಲಿ ಹೇಳಿ ಬರೆಸಿ ನೋಡಲಿ. 'ದ್ವಾರಸಮುದ್ರ' ಅನ್ನುವುದಕ್ಕೆ ಒತ್ತು ಎಲ್ಲಿ ಅಂತ ಹೇಳುವಷ್ಟರಲ್ಲಿ ಮುಂದಿನ ವಾಕ್ಯ ಮರೆತುಹೋಗಿರುತ್ತದೆ. ಇನ್ನು ಪ್ರಶ್ನೆಪತ್ರಿಕೆ. ನಮ್ಮ ವಿಷಯದಲ್ಲಿ ಭೂಪಟ ಕೊಟ್ಟು ಸ್ಥಳ ಗುರುತಿಸಿ ಅಂತ ಪ್ರಶ್ನೆ ಇರುತ್ತದೆ. ಕಾಣದವರಿಗೆ ಅದರ ಬದಲು ಅಷ್ಟೇ ಅಂಕದ ವಿವರಣೆಯ ಪ್ರಶ್ನೆ ಕೊಡಬೇಕು. ನಾನು ಇಂಟರ್ನಲ್ಸ್ ಪೇಪರ್ ತೆಗೆಯುವಾಗಲೇ ಈಗ ಅದನ್ನೂ ಸೇರಿಸಿಬಿಡುತ್ತೇನೆ. ಪರೀಕ್ಷೆಯ ದಿನ ಬೆಳಗ್ಗೆ ಒಂಬತ್ತೂಮುಕ್ಕಾಲಿಗೆ ನೆನಪಾದರೆ ಅದು ಮತ್ತೆ ಜೀಪ್ ಕಥೆ.

ನಾನು ಕಣ್ಣಿನ ಬಗ್ಗೆಯೇ ಜಾಸ್ತಿ ಬರೆದೆ, ನನಗೆ ಕಲಿಸಿದವನು ಆ ಹುಡುಗ ಅನ್ನುವ ಕಾರಣಕ್ಕೆ. ಕಿವಿ ಕೇಳದವರ ಸಂಗತಿ ಬೇರೆಯೇ. "ಬರೆದು ಕೊಟ್ರೆ ಆಯ್ತಲ್ವಾ" ಅಂತ ಎಲ್ಲರೂ ಅಂದುಕೊಳ್ಳುತ್ತೇವೆ. ಹುಟ್ಟಿನಿಂದ ಕಿವಿ ಕೇಳದ ಎಷ್ಟೋ ಮಕ್ಕಳಿಗೆ ಮೊದಲ ಭಾಷೆ ಸನ್ನೆಯ ಭಾಷೆ, ಬರೆಯುವ ಕನ್ನಡ ಅವರಿಗೆ ಎರಡನೇ ಭಾಷೆ. ಭಾರತೀಯ ಸನ್ನೆ ಭಾಷೆಗೆ ತನ್ನದೇ ವ್ಯಾಕರಣ ಇದೆ, ಕನ್ನಡದ ಒಂದೊಂದು ಪದಕ್ಕೂ ಕೈ ಆಡಿಸುವುದಲ್ಲ ಅದು. ಇದರ ತರಬೇತಿಗೆ, ಸಂಶೋಧನೆಗೆ ಅಂತಲೇ ದೆಹಲಿಯಲ್ಲಿ 2015ರಲ್ಲಿ ಒಂದು ರಾಷ್ಟ್ರೀಯ ಕೇಂದ್ರ ಶುರುವಾಗಿದೆ. ಹಾಸನದಂಥ ಊರಿನಲ್ಲಿ ದಿನವೂ ಕ್ಲಾಸಿಗೆ ಬಂದು ಸನ್ನೆಯಲ್ಲಿ ಹೇಳುವವರನ್ನು ಹುಡುಕುವುದು ಸುಲಭವಿಲ್ಲ, ಅದನ್ನು ಕಾಲೇಜು ಮಟ್ಟದಲ್ಲಿ ಕೇಳಿ ಪಡೆಯಬೇಕು. ಅಲ್ಲಿಯವರೆಗೆ ನಮ್ಮ ಕೈಯಲ್ಲಿ ಇರುವುದು ಸಣ್ಣ ಸಣ್ಣದು. ಬೋರ್ಡ್ ಕಡೆ ತಿರುಗಿ ಮಾತಾಡಬಾರದು, ತುಟಿ ನೋಡಿ ಅರ್ಥ ಮಾಡಿಕೊಳ್ಳುವವರಿಗೆ ನಮ್ಮ ಬೆನ್ನು ಏನೂ ಹೇಳುವುದಿಲ್ಲ. ನೋಟ್ಸನ್ನು ಹಿಂದಿನ ದಿನವೇ ಕೊಡಬೇಕು, ಹೊಸ ಪದಗಳ ಪರಿಚಯ ಆಗಿರುತ್ತದೆ. ವಿಡಿಯೋ ಹಾಕಿದರೆ ಕೆಳಗೆ ಮಾತಿನ ಸಾಲು ಬರಬೇಕು. ತಾನಾಗೇ ಮೂಡುವ ಸಾಲುಗಳನ್ನು ನಂಬಿ ಕೂರಬೇಡಿ, ಹಳಗನ್ನಡದ ಪದ, ಊರಿನ ಹೆಸರು ಬಂದರೆ ಅದು ಏನೇನೋ ಬರೆಯುತ್ತದೆ.

ಹೊರಗೆ ಕಾಣದ ತೊಂದರೆಗಳೂ ಆ 21ರಲ್ಲಿವೆ. ಓದುವಾಗ ಅಕ್ಷರ ಕಲಸಿಹೋಗುವ ಡಿಸ್‌ಲೆಕ್ಸಿಯಾ, ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ, ಥಲಸೀಮಿಯಾ, ಮಾನಸಿಕ ಕಾಯಿಲೆ. ಹಿಮೋಫಿಲಿಯಾ ಇರುವವರು ತಿಂಗಳಲ್ಲಿ ಎಷ್ಟೋ ದಿನ ಆಸ್ಪತ್ರೆಯಲ್ಲಿ ಇರಬೇಕಾಗಬಹುದು, ನಾವು ಹಾಜರಾತಿ ಶೇ. 75 ಇಲ್ಲ ಅಂತ ನೋಟಿಸ್ ಬೋರ್ಡಿನಲ್ಲಿ ಹೆಸರು ಹಾಕುತ್ತೇವೆ. ಇಂಥವರು ಬಂದು ಹೇಳಿಕೊಳ್ಳುವುದು ಕಡಿಮೆ. ನಾನು ಈಗ ಸೆಮಿಸ್ಟರಿನ ಮೊದಲ ದಿನವೇ ಎಲ್ಲರಿಗೂ ಹೇಳುತ್ತೇನೆ: ಓದುವುದಕ್ಕೆ, ಬರೆಯುವುದಕ್ಕೆ, ಬರುವುದಕ್ಕೆ ಏನೇ ಕಷ್ಟ ಇದ್ದರೂ ನನಗೊಂದು ಮೆಸೇಜ್ ಹಾಕಿ, ಕಾರಣ ಹೇಳಬೇಕಾಗಿಲ್ಲ, ಏನು ಬೇಕು ಅಂತ ಹೇಳಿದರೆ ಸಾಕು. ಈ ಸಲ ನಾಲ್ಕು ಮೆಸೇಜ್ ಬಂದವು. ಅದರಲ್ಲಿ ಮೂವರನ್ನು ನಾನು ಇಷ್ಟು ದಿನ ಸೋಮಾರಿಗಳು ಅಂದುಕೊಂಡಿದ್ದೆ.

ರ‍್ಯಾಂಪಿನ ಮಾತು ಅಂದೆನಲ್ಲ. ಇಳಿಜಾರು 1ಕ್ಕೆ 12 ಇರಬೇಕು, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅದಕ್ಕಿಂತ ಕಡಿದಾದರೆ ಅದು ಜಾರುಬಂಡೆ. ನಮ್ಮ ಕಡೆ ಇನ್ನೊಂದು ಸೇರಿಸಬೇಕು: ಪಾಚಿ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜುಲೈ ಬಂದರೆ ಸಿಮೆಂಟಿನ ಮೇಲೆಲ್ಲ ಹಸಿರು ಕಟ್ಟುತ್ತದೆ, ಮೇಲೆ ಹೊದಿಕೆ ಇಲ್ಲದ ರ‍್ಯಾಂಪಿನ ಮೇಲೆ ಕಾಲು ನೆಟ್ಟಗಿದ್ದವರೇ ಜಾರುತ್ತಾರೆ, ಇನ್ನು ಊರುಗೋಲಿನವರ ಗತಿ ಏನು. ಮೇಲೊಂದು ಶೀಟು, ಪಕ್ಕದಲ್ಲಿ ಹಿಡಿಯಲು ಕಂಬಿ, ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವುದು. ಮತ್ತೆ ಲಿಫ್ಟಿಗೆ ಅನುದಾನ ಬರಲಿ ಅಂತ ವರ್ಷಗಟ್ಟಲೆ ಕಾಯುವ ಕಾಲೇಜುಗಳಿಗೆ ಒಂದು ಪ್ರಶ್ನೆ: ವೀಲ್‌ಚೇರಿನಲ್ಲಿ ಬರುವ ವಿದ್ಯಾರ್ಥಿಯ ಕ್ಲಾಸನ್ನು ಕೆಳಗಿನ ಮಹಡಿಗೆ ಹಾಕಲು ಏನು ಖರ್ಚು? ಟೈಂಟೇಬಲ್ ಮಾಡುವವರ ಒಂದು ಮಧ್ಯಾಹ್ನ.

ಲೈಬ್ರರಿಯಲ್ಲಿ ಇನ್ನೊಂದು ಹೆದರಿಕೆ ಎದುರಾಯಿತು. ಪಠ್ಯಪುಸ್ತಕ ಸ್ಕ್ಯಾನ್ ಮಾಡಿ ಹುಡುಗನಿಗೆ ಕೊಡೋಣ ಅಂದರೆ "ಕಾಪಿರೈಟ್ ಕೇಸ್ ಆಗುತ್ತೆ ಮೇಡಂ" ಅಂದರು. ಆಗುವುದಿಲ್ಲ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂದಿದೆ. ವೈಕಲ್ಯದ ಕಾರಣದಿಂದ ಪುಸ್ತಕವನ್ನು ಇದ್ದಹಾಗೆ ಓದಲಾಗದವರಿಗೆ, ಅವರು ಓದಬಲ್ಲ ರೂಪಕ್ಕೆ ಬದಲಿಸಿ ಕೊಡುವುದು ತಪ್ಪಲ್ಲ, ಲಾಭಕ್ಕೆ ಮಾರಬಾರದು ಮತ್ತು ಅವರಿಗಷ್ಟೇ ಸಿಗಬೇಕು. ಇಂಥದ್ದೇ ಉದ್ದೇಶದ ಮರ್ರಕೇಶ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಿ ಆಯಿತು. ಅದನ್ನು ಎಲ್ಲರಿಗಿಂತ ಮೊದಲು, 2014ರಲ್ಲಿ, ಅಂಗೀಕರಿಸಿದ ದೇಶ ಭಾರತ. ಹೀಗೆ ತಯಾರಾದ ಪುಸ್ತಕಗಳನ್ನು ಒಂದೆಡೆ ಇಡುವ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯ 2016ರಿಂದ ಇದೆ. ನಿಮ್ಮ ವಿದ್ಯಾರ್ಥಿಯನ್ನು ಅಲ್ಲಿ ಹೆಸರು ನೋಂದಾಯಿಸಲು ಹೇಳಿ, ಯಾವುದಾದರೂ ಪುಸ್ತಕ ಮೊದಲೇ ಆಗಿದ್ದರೆ ನೀವು ಮತ್ತೆ ಕೂತು ಸ್ಕ್ಯಾನ್ ಮಾಡುವುದು ತಪ್ಪುತ್ತದೆ.

ಎಲ್ಲಿಂದ ಶುರುಮಾಡಲಿ ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ. ಇವತ್ತು ರಾತ್ರಿ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಟಾಕ್‌ಬ್ಯಾಕ್ ಆನ್ ಮಾಡಿ. ಆಫ್ ಮಾಡುವುದು ಹೇಗೆ ಅಂತ ಮೊದಲೇ ನೋಡಿಟ್ಟುಕೊಳ್ಳಿ, ನಾನು ನೋಡಿಕೊಳ್ಳದೆ ಅರ್ಧ ಗಂಟೆ ಒದ್ದಾಡಿದೆ, ಕೊನೆಗೆ ಮಗಳು ಬಂದು ಬಿಡಿಸಿದಳು. ಆಮೇಲೆ ಕಣ್ಣು ಮುಚ್ಚಿ, ನೀವೇ ಗ್ರೂಪಿಗೆ ಹಾಕಿದ ಕೊನೆಯ ನೋಟ್ಸ್ ತೆರೆದು ಮೊದಲ ಪುಟ ಕೇಳಿ.

ನಾನು ಹಳೇ ನೋಟ್ಸನ್ನೆಲ್ಲ ಈಗ ಒಂದೊಂದಾಗಿ ಬದಲಿಸುತ್ತಿದ್ದೇನೆ, ವಾರಕ್ಕೆ ಒಂದು ಘಟಕ. ಮೊನ್ನೆ ಹೊಯ್ಸಳರದ್ದು ಮುಗಿಸಿ, ಹೆಡಿಂಗ್ ಹಾಕಿ, ಚಿತ್ರಕ್ಕೆ ವಿವರ ಬರೆದು, ಬಹಳ ಹೆಮ್ಮೆಯಿಂದ ಕಳಿಸಿದೆ. ಹತ್ತು ನಿಮಿಷಕ್ಕೆ ಹುಡುಗನ ವಾಯ್ಸ್ ಮೆಸೇಜ್ ಬಂತು. ಹಿಂದುಗಡೆ ಬಸ್ಸಿನ ಸದ್ದು.

"ಮೇಡಂ, ಈ ಸಲ ಚೆನ್ನಾಗಿ ಮಾತಾಡ್ತಿದೆ. ಆದ್ರೆ ರಾಜನ ಹೆಸರು ಹದಿಮೂರು ಕಡೆ 'ವಿಷ್ಣುವಧರ್ನ' ಅಂತ ಬರ್ತಿದೆ, ಒಂದ್ಸಲ ನೋಡಿ."